ಮನದ ಬೇಗುದಿಗೆ ಮದ್ದು ಯಾವುದು?

ಲೈಂಗಿಕ ಅಲ್ಪಸಂಖ್ಯಾತರ ಮನಃಸ್ವಾಸ್ಥ್ಯಕ್ಕಾಗಿ ದುಡಿಯುತ್ತಿರುವ ತಜ್ಞರ ಪರಿಚಯ

ಶರೀರಕ್ಕೆ ಜ್ವರ ಬಂದರೆ ಹೇಳಿಕೊಳ್ಳಲು ನಮ್ಮವರಿಗೆ ಸಂಕೋಚವಿಲ್ಲ. ಒಲೆಯ ಮುಂದೆ ನಿಂತು ಕೈ ಸುಟ್ಟುಕೊಂಡ ಅಡಿಗೆ ಭಟ್ಟರೂ, ದಿನವಿಡೀ ಕುರ್ಚಿಯಲ್ಲಿ ಕುಳಿತು ಸೊಂಟ ನೋಯಿಸಿಕೊಂಡ ಗುಮಾಸ್ತರೂ ತಮ್ಮ ಬಾಧೆಯನ್ನು ನಾಲ್ಕು ಜನರ ಮುಂದೆ ಹೇಳಿ, ನಾಲ್ಕು ಬಗೆಯ ಮದ್ದನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಆದರೆ ಮನಸ್ಸಿಗೆ ಬಂದ ಜ್ವರವನ್ನು ಹೇಳಿಕೊಳ್ಳುವವರು ತೀರ ಕಡಿಮೆ. ಅದರಲ್ಲಿಯೂ ಆ ಜ್ವರದ ಹಿಂದೆ ಇರುವುದು ಸಮಾಜವು ‘ಆಡಬಾರದ ಮಾತು’ ಎಂದು ಮುದ್ರೆಯೊತ್ತಿದ ಸಂಗತಿಯಾಗಿದ್ದರೆ, ಅದು ನಾಲಗೆಯ ತುದಿಗೂ ಬರುವುದಿಲ್ಲ. ಒಳಗೊಳಗೇ ಬೇಯುತ್ತದೆ.

ಹೀಗೆ ಬೇಯುವವರಲ್ಲಿ ಒಂದು ವರ್ಗದ ಕುರಿತು ಇಂದು ಬರೆಯಲು ಹೊರಟಿದ್ದೇವೆ. ಗಂಡಾಗಿದ್ದು ಗಂಡಿನಲ್ಲಿಯೇ ಅನುರಾಗವುಳ್ಳವರು, ಹೆಣ್ಣಾಗಿದ್ದು ಹೆಣ್ಣನ್ನೇ ಪ್ರೀತಿಸುವವರು, ಹುಟ್ಟಿದಾಗ ಜನರು ಹೇಳಿದ ಲಿಂಗಕ್ಕಿಂತ ತಮ್ಮ ಅಂತರಂಗದ ಲಿಂಗವು ಬೇರೆಯೆಂದು ಅರಿತವರು, ಇವರೆಲ್ಲರನ್ನೂ ಸೇರಿಸಿ ಇಂದು ‘ಎಲ್‌ಜಿಬಿಟಿಕ್ಯೂ’ ಎಂಬ ಅಕ್ಷರಮಾಲೆಯಿಂದ ಕರೆಯುತ್ತಾರೆ. ಕನ್ನಡದಲ್ಲಿ ‘ಲೈಂಗಿಕ ಅಲ್ಪಸಂಖ್ಯಾತರು’ ಮತ್ತು ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಮಾತುಗಳು ರೂಢಿಗೆ ಬಂದಿವೆ. ಇದು ಎಲ್ಲಿಯೋ ದೂರದ ಸಂಗತಿಯೆಂದೂ, ಶ್ರೀಮಂತರ ಬಂಗಲೆಗಳ ಸುದ್ದಿಯೆಂದೂ ವಾಚಕರು ಪುಟ ಮಗುಚಬಾರದೆಂದು ವಿನಂತಿ. ಹತ್ತು ಹದಿನೈದು ಜನ ಒಂದೇ ಖೋಲಿಯಲ್ಲಿ ಚಾಪೆ ಹಾಸಿ ಮಲಗುವ ನಮ್ಮ ಹೋಟೆಲು ಕೆಲಸಗಾರರ ನಡುವೆಯೂ, ಬೆಳಗಿನ ಲೋಕಲ್ ಗಾಡಿಯಲ್ಲಿ ನಮ್ಮ ಭುಜಕ್ಕೆ ಭುಜ ತಾಗಿಸಿ ನಿಂತ ಕಚೇರಿಯ ನೌಕರರ ನಡುವೆಯೂ ಇಂಥವರು ಇದ್ದಾರೆ. ನಮಗೆ ಗೊತ್ತಿಲ್ಲದಿರುವುದು ಅವರು ಇಲ್ಲವೆಂಬುದರಿಂದಲ್ಲ, ಅವರು ಹೇಳಲಾರರೆಂಬುದರಿಂದ.

ವಿಕ್ರೋಳಿಯಿಂದ ಎದ್ದ ಮಾತು

ವಿಕ್ರೋಳಿಯೆಂದರೆ ನಮ್ಮವರಿಗೆ ಕಾರ್ಖಾನೆಗಳ ಊರು. ಪಶ್ಚಿಮಕ್ಕೆ ಪಾರ್ಕ್‌ಸೈಟಿನ ಗುಡ್ಡದ ಮನೆಗಳು, ಪೂರ್ವಕ್ಕೆ ಕನ್ನಮ್ವಾರ್ ನಗರ ಮತ್ತು ಟಾಗೋರ್ ನಗರ, ಅವುಗಳ ಆಚೆ ಖಾರಿಯ ಅಂಚಿನಲ್ಲಿ ಕಾಂಡ್ಲಾ ಗಿಡಗಳ ಹಸುರು. ನಡುವೆ ಗೋದ್ರೇಜ್ ಮನೆತನದವರು ಕಟ್ಟಿದ ಪಿರೋಜ್‌ಶಾ ನಗರ. ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆಗೆ, ಎಂದರೆ 1951-52ರಲ್ಲಿ, ಲಕ್ಷಗಟ್ಟಲೆ ಮತಪೆಟ್ಟಿಗೆಗಳು ಇಲ್ಲಿಯೇ ತಯಾರಾದವೆಂಬುದು ಈ ಉಪನಗರದ ಹೆಮ್ಮೆ. ಎಲ್ಲ ಪ್ರಜೆಗಳ ಮತಕ್ಕೂ ಒಂದೇ ಬೆಲೆಯೆಂದು ಸಾರಿದ ಪೆಟ್ಟಿಗೆಗಳು ಹೊರಟ ಸ್ಥಳದಿಂದಲೇ, ಆರು ದಶಕಗಳ ತರುವಾಯ, ಕಡೆಗಣಿಸಲ್ಪಟ್ಟ ಪ್ರಜೆಗಳ ಪರವಾಗಿ ಇನ್ನೊಂದು ಮಾತು ಹೊರಟಿತು.

2011ರಲ್ಲಿ ಪರ್ಮೇಶ್ ಶಾಹಾನಿ ಎಂಬವರು ಇಲ್ಲಿ ‘ಗೋದ್ರೇಜ್ ಇಂಡಿಯಾ ಕಲ್ಚರ್ ಲ್ಯಾಬ್’ ಎಂಬ ಸಾಂಸ್ಕೃತಿಕ ವೇದಿಕೆಯನ್ನು ಆರಂಭಿಸಿದರು. ಅಲ್ಲಿ ವರ್ಷಗಟ್ಟಲೆ ಉಪನ್ಯಾಸ, ಚಿತ್ರಪ್ರದರ್ಶನ, ಚರ್ಚೆಗಳು ನಡೆದವು. ಸಲಿಂಗಾನುರಾಗಿಗಳ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಬಾಳುವೆಯು ಅಲ್ಲಿ ಬಾರಿ ಬಾರಿಗೂ ಮಾತಿನ ವಿಷಯವಾಯಿತು. 2018ರಲ್ಲಿ ಆ ವೇದಿಕೆಯು ಭಾರತದ ಉದ್ಯೋಗಶಾಲೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸ್ಥಾನ ದೊರಕಿಸುವುದು ಹೇಗೆಂಬುದನ್ನು ವಿವರಿಸುವ ಒಂದು ಪ್ರಣಾಳಿಕೆಯನ್ನು ಹೊರತಂದಿತು. 2020ರಲ್ಲಿ ಶಾಹಾನಿಯವರು ‘ಕ್ವೀರಿಸ್ತಾನ್’ ಎಂಬ ಗ್ರಂಥವನ್ನು ಬರೆದು, ಕಂಪನಿಗಳು ಇಂಥವರನ್ನು ಕೆಲಸಕ್ಕೆ ಸೇರಿಸಿಕೊಂಡು ನೆಮ್ಮದಿಯಿಂದ ದುಡಿಯಗೊಡುವುದು ಧರ್ಮವೂ ಹೌದು, ವ್ಯಾಪಾರಕ್ಕೆ ಲಾಭವೂ ಹೌದೆಂದು ವಾದಿಸಿದರು.

ಇದನ್ನು ಓದಿದಾಗ ನಮಗೆ ಹೊಳೆದ ಸಂಗತಿಯೊಂದಿದೆ. ಮನಸ್ಸಿನ ಆರೋಗ್ಯವು ಡಾಕ್ಟರರ ಕೋಣೆಯಲ್ಲಿ ಮಾತ್ರ ತೀರ್ಮಾನವಾಗುವಂಥದಲ್ಲ. ಅನ್ನ ಕೊಡುವ ಜಾಗದಲ್ಲಿ, ಮಲಗುವ ಜಾಗದಲ್ಲಿ, ದಿನಕ್ಕೆ ಹನ್ನೆರಡು ಗಂಟೆ ಕಳೆಯುವ ಜಾಗದಲ್ಲಿ ಮನುಷ್ಯನಿಗೆ ಮರ್ಯಾದೆ ಸಿಗುತ್ತದೆಯೋ ಇಲ್ಲವೋ ಎಂಬುದರ ಮೇಲೆ ಅದು ಬಹುಮಟ್ಟಿಗೆ ನಿಂತಿದೆ.

ರೋಗವಲ್ಲದ ರೋಗ

ಮೊದಲು ಒಂದು ಮೂಲಭೂತ ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು. ಸಲಿಂಗಾನುರಾಗವು ಒಂದು ಕಾಯಿಲೆಯೇ? ಅಲ್ಲ. ಇದು ನಮ್ಮ ಮಾತಲ್ಲ, ವೈದ್ಯಶಾಸ್ತ್ರದ ಮಾತು.

ಹಿಂದೆ ವೈದ್ಯರೇ ಇದನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದ್ದರೆಂಬುದು ನಿಜ. ಅವರು ನೋಡುತ್ತಿದ್ದುದು ಆಸ್ಪತ್ರೆಗೆ ಬಂದವರನ್ನು, ಇಲ್ಲವೆ ಸೆರೆಮನೆಗೆ ಹೋದವರನ್ನು ಮಾತ್ರ. ಸುಮ್ಮನೆ ತಮ್ಮ ಪಾಡಿಗೆ ದುಡಿದು ಉಣ್ಣುವವರನ್ನು ಯಾರೂ ಪರೀಕ್ಷಿಸಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಈವ್ಲಿನ್ ಹೂಕರ್ ಎಂಬವರು ಈ ಕೊರತೆಯನ್ನು ಕಂಡುಹಿಡಿದರು. ಅವರು 30 ಮಂದಿ ಸಲಿಂಗಾನುರಾಗಿ ಪುರುಷರನ್ನೂ 30 ಮಂದಿ ಇತರ ಪುರುಷರನ್ನೂ ಆರಿಸಿ, ಮನಸ್ಸನ್ನು ಅಳೆಯುವ ಪರೀಕ್ಷೆಗಳನ್ನು ನಡೆಸಿ, ಹೆಸರು ಗುರುತುಗಳನ್ನು ಮರೆಮಾಡಿ ಉತ್ತರಪತ್ರಿಕೆಗಳನ್ನು ಹೆಸರಾಂತ ತಜ್ಞರ ಕೈಗೆ ಕೊಟ್ಟರು. ಯಾರು ಯಾವ ಗುಂಪಿನವರೆಂದು ಬೇರ್ಪಡಿಸಲು ಆ ತಜ್ಞರಿಗೆ ಸಾಧ್ಯವಾಗಲಿಲ್ಲ. ಮನಸ್ಸಿನ ಆರೋಗ್ಯದಲ್ಲಿ ಎರಡು ಗುಂಪುಗಳಿಗೂ ಭೇದವೇ ಕಾಣಲಿಲ್ಲ. 1957ರಲ್ಲಿ ಪ್ರಕಟವಾದ ಈ ಸಂಶೋಧನೆಯು ಹಳೆಯ ನಂಬಿಕೆಯ ಬುಡವನ್ನೇ ಅಲುಗಿಸಿತು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಾನುರಾಗವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. 1990ರ ಮೇ 17ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ಹೆಜ್ಜೆಯನ್ನಿಟ್ಟಿತು. 2018ರಲ್ಲಿ ಭಾರತೀಯ ಮನೋವೈದ್ಯರ ಸಂಘವು ಇದು ರೋಗವಲ್ಲವೆಂದು ಸ್ಪಷ್ಟವಾಗಿ ಸಾರಿತು. ಆಗ ಆ ಸಂಘದ ಅಧ್ಯಕ್ಷರಾಗಿದ್ದವರು ಬೆಂಗಳೂರಿನ ಡಾ. ಅಜಿತ್ ಭಿಡೆಯವರು.

ಹಾಗಾದರೆ ಇವರಲ್ಲಿ ನಿದ್ರಾಹೀನತೆ, ಖಿನ್ನತೆ, ಬದುಕು ಬೇಡವೆಂಬ ಭಾವನೆ ಹೆಚ್ಚಾಗಿ ಕಂಡುಬರುವುದೇಕೆ? ಇದಕ್ಕೆ ಅಮೆರಿಕದ ಇಲಾನ್ ಮೇಯರ್ ಎಂಬ ವಿದ್ವಾಂಸರು 1995 ಮತ್ತು 2003ರ ತಮ್ಮ ಬರಹಗಳಲ್ಲಿ ಸಮರ್ಪಕವಾದ ವಿವರಣೆ ನೀಡಿದ್ದಾರೆ. ಅಲ್ಪಸಂಖ್ಯಾತನು ಎಲ್ಲರಂತೆ ಸಂಸಾರದ ಚಿಂತೆ, ಸಂಬಳದ ಚಿಂತೆಗಳನ್ನು ಹೊರುವುದಲ್ಲದೆ, ಅದರ ಮೇಲೆ ಇನ್ನೊಂದು ಹೊರೆಯನ್ನೂ ಹೊರುತ್ತಾನೆ. ಅಪಹಾಸ್ಯ ಮತ್ತು ಹಲ್ಲೆ ಅದರಲ್ಲಿ ಒಂದು ಪಾಲು. ಯಾವಾಗ ಅಪಹಾಸ್ಯವಾದೀತೋ ಎಂಬ ನಿರಂತರ ಎಚ್ಚರ ಇನ್ನೊಂದು ಪಾಲು. ತನ್ನ ನಿಜವನ್ನು ಮುಚ್ಚಿಡುವ ಶ್ರಮ ಮೂರನೆಯದು. ಜನರ ತಿರಸ್ಕಾರವನ್ನು ಕೇಳಿ ಕೇಳಿ ತಾನೇ ತನ್ನನ್ನು ತಿರಸ್ಕರಿಸಿಕೊಳ್ಳುವುದು ನಾಲ್ಕನೆಯದು. ಎಲ್ಲಕ್ಕಿಂತ ಭಾರವಾದುದೂ ಅದೇ. ತುಂಬಿದ ಟ್ರೇಯನ್ನು ಕೈಯಲ್ಲಿ ಹಿಡಿದು ಜನಸಂದಣಿಯಲ್ಲಿ ನಡೆಯುವ ಸಪ್ಲಾಯರನಿಗೆ ಹತ್ತು ನಿಮಿಷದ ಬಳಿಕ ಅದನ್ನು ಮೇಜಿನ ಮೇಲಿಡುವ ಅವಕಾಶವಾದರೂ ಇದೆ. ಇವರಿಗೆ ಹಗಲಿರುಳೂ ಟ್ರೇಯನ್ನು ಇಳಿಸುವಂತಿಲ್ಲ. ಹೀಗಿರುವಾಗ ಕೈ ಸೋತಿತೆಂದರೆ ದೋಷ ಕೈಯದಲ್ಲ, ಹೊರೆಯದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ

ಈ ಭೇದವನ್ನು ಅರಿಯದೆ ಎಷ್ಟೋ ಕಾಲ ವೈದ್ಯರೂ ವೈದ್ಯರಲ್ಲದವರೂ ಸ್ವಭಾವವನ್ನೇ ಬದಲಾಯಿಸಲು ಹೊರಟರು. ವಿದ್ಯುತ್ತಿನ ಆಘಾತ, ಚುಚ್ಚುಮದ್ದು, ಬೈಗುಳದಂಥ ಉಪದೇಶ, ಮಂತ್ರ-ತಾಯಿತ ಎಲ್ಲವೂ ಪ್ರಯೋಗವಾದವು. ಸ್ವಭಾವವು ಬದಲಾಗಲಿಲ್ಲ, ಇದ್ದ ನೆಮ್ಮದಿಯು ಹೋಯಿತು. 2001ರಲ್ಲಿ ದೆಹಲಿಯಲ್ಲಿ ಇಂಥ ಚಿಕಿತ್ಸೆಯ ವಿರುದ್ಧ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಹೋದಾಗ ಆಯೋಗವು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಆಗ ಬ್ರಿಟಿಷರ ಕಾಲದ, 1860ರ ದಂಡಸಂಹಿತೆಯ 377ನೆಯ ವಿಧಿಯು ಜಾರಿಯಲ್ಲಿತ್ತು. ಕಾನೂನು ಯಾರನ್ನು ಅಪರಾಧಿಯೆನ್ನುತ್ತದೆಯೋ ಅವನು ರೋಗಿಯಾಗಿಯೂ ನ್ಯಾಯ ಕೇಳಲಾರನೆಂಬುದು ಇದರಿಂದ ಸ್ಪಷ್ಟವಾಯಿತು.

ಬೆಂಗಳೂರಿನ ವಿನಯ್ ಚಂದ್ರನ್ ಅವರು ಈ ವಿಷಯದಲ್ಲಿ ಬಹುಕಾಲ ದುಡಿದವರು. ಅವರ ‘ಸ್ವಭಾವ’ ಎಂಬ ಸಂಸ್ಥೆಯು ‘ಸಹಾಯ’ ಎಂಬ ದೂರವಾಣಿ ಸೇವೆಯನ್ನು ನಡೆಸಿ, ಹೆಸರು ಹೇಳಲಂಜುವ ಎಷ್ಟೋ ಜನರ ಮಾತಿಗೆ ಕಿವಿಯಾಯಿತು. ಸಂಸ್ಥೆಯ ಹೆಸರಿನಲ್ಲಿಯೇ ಅದರ ಸಿದ್ಧಾಂತವೂ ಅಡಗಿದೆ: ಇದು ವಿಕಾರವಲ್ಲ, ಸ್ವಭಾವ. ಅವರೂ ವಕೀಲರಾದ ಅರವಿಂದ ನಾರಾಯಣ್ ಅವರೂ ಜೊತೆಯಾಗಿ ಸಂಪಾದಿಸಿದ ಗ್ರಂಥಕ್ಕೆ ‘ಸರಿಪಡಿಸಲು ಏನೂ ಇಲ್ಲ’ ಎಂಬ ಅರ್ಥದ ಶೀರ್ಷಿಕೆಯಿದೆ. ವೈದ್ಯರು ಇಂಥವರನ್ನು ಹೇಗೆ ಕಂಡರು, ಹೇಗೆ ಕಾಣಬೇಕಾಗಿತ್ತು ಎಂಬುದರ ವಿವೇಚನೆ ಅದರಲ್ಲಿದೆ.

ಕಾನೂನಿನ ಬಾಗಿಲು ತೆರೆದ ಬಗೆ

ಕಾನೂನಿನ ಕಥೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, 2009ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು 377ನೆಯ ವಿಧಿಯನ್ನು ಸಡಿಲಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಮಗುಚಿತು. 2014ರ ಏಪ್ರಿಲ್ 15ರಂದು ಲಿಂಗತ್ವ ಅಲ್ಪಸಂಖ್ಯಾತರಿಗೆ ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ಪರಸ್ಪರ ಒಪ್ಪಿಗೆಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರಲ್ಲಿ ನಮ್ಮ ಕಸಬಿನವರೊಬ್ಬರು ಇದ್ದರು. ‘ಲಲಿತ್’ ಹೋಟೆಲುಗಳ ಒಡೆತನದ ಮನೆಯವರಾದ ಕೇಶವ ಸೂರಿ ಅವರು. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ.

ಇವುಗಳಷ್ಟೇ ಮಹತ್ವವುಳ್ಳದ್ದು 2017ರ ಮಾನಸಿಕ ಆರೋಗ್ಯ ಕಾಯಿದೆ. ಸಮಾಜದ ರೂಢಿಗೆ ಒಬ್ಬನು ಹೊಂದಿಕೊಳ್ಳಲಿಲ್ಲವೆಂಬ ಕಾರಣದಿಂದ ಅವನನ್ನು ಮನೋರೋಗಿಯೆಂದು ನಿರ್ಣಯಿಸಕೂಡದೆಂದು ಅದು ವಿಧಿಸುತ್ತದೆ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಮನೋವೇದನೆಯಲ್ಲಿದ್ದನೆಂದು ಭಾವಿಸಿ, ಅವನಿಗೆ ಶಿಕ್ಷೆಯಲ್ಲ ಆರೈಕೆ ಬೇಕೆಂದೂ ಅದು ಹೇಳುತ್ತದೆ. ಪೋಲೀಸರ ಭಯದಿಂದ ಗೆಳೆಯನನ್ನು ಆಸ್ಪತ್ರೆಗೆ ಒಯ್ಯಲು ಹಿಂಜರಿಯುವವರು ಇದನ್ನು ನೆನಪಿನಲ್ಲಿಡಬೇಕು.

ಮದ್ರಾಸಿನ ಉಚ್ಚ ನ್ಯಾಯಾಲಯದ ಒಂದು ಪ್ರಸಂಗವು ಇನ್ನೂ ಮನೋಜ್ಞವಾಗಿದೆ. ಪರಸ್ಪರ ಪ್ರೀತಿಸಿದ ಇಬ್ಬರು ಯುವತಿಯರು ಮನೆಯವರ ಒತ್ತಾಯಕ್ಕೆ ಅಂಜಿ ಮಧುರೆಯಿಂದ ಚೆನ್ನೈಗೆ ಬಂದು ರಕ್ಷಣೆ ಕೋರಿದರು. ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಅವರು ಈ ವಿಷಯದಲ್ಲಿ ತಮಗೇ ತಿಳಿವಳಿಕೆ ಸಾಲದೆಂದು ತೆರೆದ ಮನಸ್ಸಿನಿಂದ ಹೇಳಿ, ಮನಶ್ಶಾಸ್ತ್ರಜ್ಞೆ ವಿದ್ಯಾ ದಿನಕರನ್ ಅವರ ಬಳಿ ಕುಳಿತು ಪಾಠ ಹೇಳಿಸಿಕೊಂಡರು. ಆಮೇಲೆ 2021ರ ಜೂನ್ 7ರಂದು ಆಜ್ಞೆಯಿತ್ತು, ಸ್ವಭಾವವನ್ನು ಬದಲಾಯಿಸುತ್ತೇವೆಂದು ಹೇಳುವ ಚಿಕಿತ್ಸೆಯನ್ನು ನಿಷೇಧಿಸಿದರು. ಅದರ ಬೆನ್ನಿಗೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇಂಥ ಚಿಕಿತ್ಸೆ ನೀಡುವುದು ವೈದ್ಯನ ವೃತ್ತಿಧರ್ಮಕ್ಕೆ ವಿರುದ್ಧವಾದ ನಡತೆಯೆಂದು ತಿಳಿಸಿತು. ಆದುದರಿಂದ ‘ನಾಲ್ಕು ವಾರದಲ್ಲಿ ಸರಿ ಮಾಡುತ್ತೇವೆ’ ಎಂದು ಹಣ ಕೇಳುವವರಿಂದ ವಾಚಕರು ದೂರವಿರಬೇಕು. ಉಚ್ಚ ನ್ಯಾಯಾಲಯದ ನ್ಯಾಯಾಧೀಶರಿಗೇ ಪಾಠ ಹೇಳಿಸಿಕೊಳ್ಳಲು ನಾಚಿಕೆಯಾಗದಿದ್ದಲ್ಲಿ, ನಮಗೇಕೆ ನಾಚಿಕೆ?

ಮುಂಬಯಿಯ ತಜ್ಞರು

ನಮ್ಮ ನಗರದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಅಶೋಕ ರಾವ್ ಕವಿಯವರು ಮುಖ್ಯರು. ಪತ್ರಕರ್ತರಾದ ಅವರು 1990ರಲ್ಲಿ ‘ಬಾಂಬೆ ದೋಸ್ತ್’ ಎಂಬ ಪತ್ರಿಕೆಯನ್ನೂ 1994ರಲ್ಲಿ ‘ಹಮ್‌ಸಫರ್ ಟ್ರಸ್ಟ್’ ಸಂಸ್ಥೆಯನ್ನೂ ಸ್ಥಾಪಿಸಿದರು. ಯೌವನದಲ್ಲಿ ಮನಸ್ಸಿನ ತೊಳಲಾಟದಿಂದ ಪಾರಾಗಲು ಅವರು ರಾಮಕೃಷ್ಣ ಮಿಷನ್ನನ್ನು ಸೇರಿದ್ದರೆಂದೂ, ಹಿರಿಯ ಯತಿಗಳಾದ ಸ್ವಾಮಿ ಹರ್ಷಾನಂದರು ಅವರನ್ನು ಜರೆಯದೆ, ತಮ್ಮ ನಿಜವನ್ನು ಎದುರಿಸಿ ಲೋಕದಲ್ಲಿ ಬಾಳುವಂತೆ ಹುರಿದುಂಬಿಸಿದರೆಂದೂ ಅವರ ಜೀವನವೃತ್ತಾಂತದಲ್ಲಿ ದಾಖಲಾಗಿದೆ. ಬೆಂಗಳೂರಿನ ಬಸವನಗುಡಿಯ ಆಶ್ರಮದ ಅಧ್ಯಕ್ಷರಾಗಿ ಕನ್ನಡಿಗರಿಗೆ ಚಿರಪರಿಚಿತರಾಗಿದ್ದವರು ಇದೇ ಹರ್ಷಾನಂದರು. ಒಳ್ಳೆಯ ಆಪ್ತಸಲಹೆಗೆ ಪದವಿಗಿಂತ ಮೊದಲು ಕರುಣೆ ಬೇಕೆಂಬುದಕ್ಕೆ ಇದು ನಿದರ್ಶನ. ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ಬೆಳೆದ ಹಮ್‌ಸಫರ್ ಸಂಸ್ಥೆಯು ಏಡ್ಸ್ ರೋಗದ ತಡೆ, ವೈದ್ಯಕೀಯ ತಪಾಸಣೆ ಮತ್ತು ಆಪ್ತಸಲಹೆಗಳನ್ನು ಒಟ್ಟಿಗೆ ನಡೆಸಿಕೊಂಡು ಬಂದಿದೆ.

ಈ ಸಂಸ್ಥೆಯ ಆರಂಭಿಕರಲ್ಲಿ ನಮ್ಮ ಮಂಡ್ಯದವರೊಬ್ಬರು ಇದ್ದಾರೆಂಬುದು ಹೆಮ್ಮೆಯ ಸಂಗತಿ. ಚಲನಚಿತ್ರ ನಿರ್ದೇಶಕರಾದ ಶ್ರೀಧರ ರಂಗಾಯನ್ ಅವರು ವಿಕ್ರೋಳಿಯ ನೆರೆಯ ಪವಾಯಿಯಲ್ಲಿರುವ ಐ.ಐ.ಟಿ.ಯಲ್ಲಿ ಕಲಿತವರು. 2010ರಲ್ಲಿ ಅವರು ಆರಂಭಿಸಿದ ‘ಕಶಿಶ್’ ಚಿತ್ರೋತ್ಸವವು ಈ ನಗರದಲ್ಲಿ ಹೆಸರು ಪಡೆದಿದೆ. 2018ರ ಅವರ ‘ಈವ್ನಿಂಗ್ ಶ್ಯಾಡೋಸ್’ ಚಿತ್ರದ ಕಥೆ ನಡೆಯುವುದು ಶ್ರೀರಂಗಪಟ್ಟಣದಲ್ಲಿ. ಮುಂಬಯಿಯಿಂದ ಊರಿಗೆ ಬಂದ ಮಗನು ತಾಯಿಯ ಬಳಿ ತನ್ನ ನಿಜವನ್ನು ಹೇಳಿಕೊಳ್ಳುವುದೂ, ಸಂಪ್ರದಾಯಸ್ಥ ಮನೆಯಲ್ಲಿ ಬೆಳೆದ ಆ ತಾಯಿ ದಿಗಿಲುಬಿದ್ದು ಅತ್ತು ಮೆಲ್ಲಮೆಲ್ಲನೆ ಮಗನ ಕಡೆಗೆ ತಿರುಗುವುದೂ ಅದರ ವಸ್ತು. ಇಂಥ ತಾಯಿ ತಂದೆಯರು ಒಟ್ಟು ಕುಳಿತು ಪರಸ್ಪರ ಧೈರ್ಯ ಹೇಳಿಕೊಳ್ಳುವ ‘ಸ್ವೀಕಾರ್’ ಎಂಬ ಬಳಗವೂ ಮುಂಬಯಿಯಲ್ಲಿ ಹುಟ್ಟಿತು. ಮಕ್ಕಳ ಮನಸ್ಸಿಗೆ ತಾಯಿಯ ಒಂದು ಒಪ್ಪಿಗೆಯ ಮಾತು ಮಾಡುವಷ್ಟು ಉಪಕಾರವನ್ನು ಯಾವ ಗುಳಿಗೆಯೂ ಮಾಡಲಾರದೆಂಬುದನ್ನು ತಜ್ಞರೂ ಒಪ್ಪುತ್ತಾರೆ.

ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 2012ರಲ್ಲಿ ‘ಐಕಾಲ್’ ಎಂಬ ದೂರವಾಣಿ ಆಪ್ತಸಲಹಾ ಸೇವೆಯನ್ನು ಆರಂಭಿಸಿತು. ಅದೇ ಸಂಸ್ಥೆಯಲ್ಲಿ ಅಧ್ಯಾಪನ ನಡೆಸಿದ ಕೇತಕಿ ರಾನಡೆಯವರು ಭಾರತದ ನಗರಗಳಲ್ಲಿ ಸಲಿಂಗಾನುರಾಗಿಗಳಾಗಿ ಬೆಳೆಯುವ ಮಕ್ಕಳ ಮನಸ್ಸಿನ ಕುರಿತು ಸಂಶೋಧನೆ ಮಾಡಿ 2018ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮುಂಬಯಿಯ ‘ಮಾರಿವಾಲಾ ಹೆಲ್ತ್ ಇನಿಶಿಯೇಟಿವ್’ ಸಂಸ್ಥೆಯು 2019ರಿಂದ ಆಪ್ತಸಲಹೆಗಾರರಿಗಾಗಿಯೇ ಒಂದು ವಿಶೇಷ ಶಿಕ್ಷಣಕ್ರಮವನ್ನು ನಡೆಸತೊಡಗಿತು. ಶ್ರುತಿ ಚಕ್ರವರ್ತಿ, ಪೂಜಾ ನಾಯರ್ ಮೊದಲಾದವರು ಅದರ ಬೋಧಕರು. ಈ ಶಿಕ್ಷಣದ ಒಂದು ವೈಶಿಷ್ಟ್ಯವನ್ನು ಗಮನಿಸಬೇಕು. ಪಾಠ ಹೇಳುವವರಲ್ಲಿ ಸ್ವತಃ ಈ ಸಮುದಾಯದವರೇ ಇದ್ದಾರೆ. ‘ನಾವು ಯಾರನ್ನೂ ದ್ವೇಷಿಸುವುದಿಲ್ಲ’ ಎಂದು ಸುಮ್ಮನಿರುವ ಸಲಹೆಗಾರನು ಸಾಲದು, ಎದುರಿಗೆ ಕುಳಿತವನ ಸ್ವಭಾವವನ್ನು ಸಹಜವೆಂದು ಮನಃಪೂರ್ವಕವಾಗಿ ಒಪ್ಪಿ ಅವನ ಪಕ್ಷದಲ್ಲಿ ನಿಲ್ಲುವವನು ಬೇಕೆಂಬುದು ಅವರ ಸಿದ್ಧಾಂತ.

ಕನ್ನಡ ನಾಡಿನ ಕೊಡುಗೆ

ಕನ್ನಡ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2013ರಲ್ಲಿ ಪ್ರಕಟವಾದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು ಸಲಿಂಗಾನುರಾಗಿಯೊಬ್ಬನ ಅಂತರಂಗವನ್ನು ಕನ್ನಡ ಓದುಗರ ಮುಂದಿಟ್ಟಿತು. ಸಂಡೂರಿನವರಾದ ಆ ಲೇಖಕರು ತಮ್ಮ ಸ್ವಭಾವವನ್ನು ಬಹಿರಂಗವಾಗಿ ಹೇಳಿಕೊಂಡುದರಿಂದ ಎಷ್ಟೋ ಮಂದಿಗೆ ‘ನಾನು ಒಬ್ಬನೇ ಅಲ್ಲ’ ಎಂಬ ಸಮಾಧಾನ ದೊರಕಿತು. ಮನೋವೇದನೆಯ ಅರ್ಧ ಭಾಗ ಒಂಟಿತನವೇ ಆಗಿರುವುದರಿಂದ ಇದೂ ಒಂದು ಚಿಕಿತ್ಸೆಯೇ.

ಬಳ್ಳಾರಿಯ ಕಡೆಯ ಮಂಜಮ್ಮ ಜೋಗತಿಯವರ ಬಾಳು ಇನ್ನೊಂದು ಉದಾಹರಣೆ. ಗಂಡುಮಗುವೆಂದು ಹುಟ್ಟಿ, ಹೆಣ್ಣಿನ ಮನಸ್ಸನ್ನು ಹೊತ್ತು, ಮನೆಯಿಂದ ಹೊರಬಿದ್ದು, ಸಾವಿನ ಅಂಚಿಗೂ ಹೋಗಿ ಬಂದ ಅವರಿಗೆ ಜೋಗತಿ ನೃತ್ಯವು ಆಸರೆಯಾಯಿತು. ಕಾಳವ್ವ ಜೋಗತಿಯವರಲ್ಲಿ ಕಲಿತ ಆ ಕಲೆಯು ಅವರನ್ನು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಪೀಠದವರೆಗೆ ಒಯ್ದಿತು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸ್ವೀಕರಿಸುವಾಗ ಅವರು ಸೆರಗು ಹಿಡಿದು ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದು ಹರಸಿದ ದೃಶ್ಯವನ್ನು ದೇಶವೇ ನೋಡಿತು. ಅದೇ ವರ್ಷ ಕರ್ನಾಟಕ ಸರಕಾರವು ನೇಮಕಾತಿಯ ನಿಯಮವನ್ನು ತಿದ್ದಿ, ಸರಕಾರಿ ಉದ್ಯೋಗದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿಯನ್ನು ನೀಡಿತು. ದೇಶದಲ್ಲಿ ಇಂಥ ಕ್ರಮವನ್ನು ಕೈಗೊಂಡ ಮೊದಲ ರಾಜ್ಯ ನಮ್ಮದು. 2011ರ ಜನಗಣತಿಯಲ್ಲಿ ಗಂಡು ಹೆಣ್ಣುಗಳಲ್ಲದೆ ‘ಇತರ’ ಎಂದು ಲೆಕ್ಕಕ್ಕೆ ಬಂದವರು ದೇಶದಲ್ಲಿ 4,87,803 ಮಂದಿ. ಮಹಾರಾಷ್ಟ್ರದಲ್ಲಿ 40,891, ಕರ್ನಾಟಕದಲ್ಲಿ 20,266. ಹೇಳಿಕೊಳ್ಳಲಂಜಿದವರು ಈ ಲೆಕ್ಕದಿಂದ ಹೊರಗೇ ಉಳಿದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಲಹೆಗಾರರು ಮಾಡುವುದೇನು?

‘ಮಾತಾಡಿದರೆ ರೋಗ ವಾಸಿಯಾದೀತೇ?’ ಎಂದು ಕೇಳುವವರಿದ್ದಾರೆ. ತರಬೇತಾದ ಆಪ್ತಸಲಹೆಗಾರನು ಮೊದಲು ಮಾಡುವ ಕೆಲಸ ಕೇಳುವುದು. ಹೇಳಿದ ಮಾತು ಆ ಕೋಣೆಯ ಗೋಡೆ ದಾಟದೆಂದು ಭರವಸೆ ಕೊಡುವುದು. ಆಮೇಲೆ ಎರಡು ಸಂಗತಿಗಳನ್ನು ಬೇರ್ಪಡಿಸುವುದು: ಸ್ವಭಾವಕ್ಕೆ ಮದ್ದು ಬೇಡ; ಆದರೆ ಖಿನ್ನತೆ ಇದ್ದರೆ ಅದಕ್ಕೆ ಮದ್ದಿದೆ, ಮನೋವೈದ್ಯರಿದ್ದಾರೆ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು, ಹೇಳದಿದ್ದರೆ ಆಗುವ ಹಾನಿ ಯಾವುದು, ಹೇಳಿದರೆ ಉಳಿಯಲು ಜಾಗ, ಕೈಯಲ್ಲಿ ಕಾಸು ಇದೆಯೇ ಎಂಬುದನ್ನೆಲ್ಲ ಅವನೊಡನೆ ಕುಳಿತು ತೂಗುವುದು. ಒಳ್ಳೆಯ ಸಲಹೆಗಾರನು ‘ನಾಳೆಯೇ ಎಲ್ಲರಿಗೂ ಸಾರಿಬಿಡು’ ಎಂದು ಅವಸರಪಡಿಸುವುದಿಲ್ಲ. ಮನೆಯವರು ಬರಲೊಪ್ಪಿದರೆ ಅವರನ್ನೂ ಕೂರಿಸಿಕೊಂಡು, ಇದು ತಾಯಿ ತಂದೆಯರ ಸಾಕಣೆಯ ತಪ್ಪಲ್ಲವೆಂದು ತಿಳಿಹೇಳುತ್ತಾನೆ.

ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ದೀಪಾವಳಿಗೂ ಊರಿಗೆ ಹೋಗದ ಒಬ್ಬ ಯುವಕನು ಕೆಲಸಕ್ಕಿದ್ದನು. ಊರಿನಲ್ಲಿ ಹೆಣ್ಣು ಗೊತ್ತುಮಾಡಿ ಕಾಯುತ್ತಿದ್ದರು. ಅವನ ಊಟ ಇಳಿಯಿತು, ನಿದ್ದೆ ಹೋಯಿತು. ಜೊತೆಯ ಅಡಿಗೆಯವರು ಅವನನ್ನು ನಗರಪಾಲಿಕೆಯ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯ ಯುವ ಡಾಕ್ಟರರು ನಿದ್ದೆಯ ಗುಳಿಗೆ ಬರೆದು ಸಾಗಹಾಕದೆ, ‘ಮದುವೆಯ ಮಾತು ಬಂದಾಗ ನಿನಗೆ ಏನನ್ನಿಸುತ್ತದೆ?’ ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ಗಂಟು ಬಿಚ್ಚಿತು. ಕೆಲವು ತಿಂಗಳ ಸಲಹೆಯ ಬಳಿಕ ಅವನು ಅಕ್ಕನಿಗೆ ಕಾಗದ ಬರೆದನು. ಅಕ್ಕನೇ ಮುಂದೆ ನಿಂತು ಮದುವೆಯ ಮಾತನ್ನು ನಿಲ್ಲಿಸಿದಳು. ಆ ಅಡಿಗೆಯವರು ಮೂರನೆಯ ತರಗತಿಯ ಆಚೆ ಓದಿದವರಲ್ಲ. ಆದರೂ ಆ ದಿನ ಅವರು ಮಾಡಿದ್ದು ತಜ್ಞರ ಕೆಲಸದ ಮೊದಲರ್ಧ.

ಮದುವೆಯೆಂಬ ಮದ್ದು

‘ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು’ ಎಂಬ ಗಾದೆಯನ್ನು ನಮ್ಮವರು ನಗೆಗಾಗಿ ಹೇಳುತ್ತಾರೆ. ಆದರೆ ಇಂಥ ಸಂದರ್ಭದಲ್ಲಿ ಅದನ್ನೇ ನಿಜವೆಂದು ನಂಬಿ ನಡೆಯುತ್ತಾರೆ. ಈ ಮದ್ದಿನಿಂದ ಒಂದು ಜೀವದ ಬದಲು ಎರಡು ಜೀವಗಳು ಬೇಯುತ್ತವೆ. ಏನೂ ಅರಿಯದ ಹೆಣ್ಣುಮಗಳು, ತನ್ನಲ್ಲಿ ಯಾವ ಕೊರತೆಯಿದೆಯೆಂದು ತಿಳಿಯದೆ ವರ್ಷಗಟ್ಟಲೆ ಕಣ್ಣೀರಿಡುತ್ತಾಳೆ. ಮಕ್ಕಳಾಗಲಿಲ್ಲವೆಂದರೆ ಬಂಜೆಯೆಂಬ ಮಾತೂ ಅವಳ ತಲೆಗೇ ಬರುತ್ತದೆ. ಹೆಣ್ಣು ಹೆತ್ತವರು ಈ ಅನ್ಯಾಯವನ್ನು ಯೋಚಿಸಬೇಕು. ಗಂಡು ಹೆತ್ತವರು ಅದಕ್ಕಿಂತ ಹೆಚ್ಚಾಗಿ ಯೋಚಿಸಬೇಕು. ಇದೇ ಮಾತು ಮನಸ್ಸಿಲ್ಲದ ಹೆಣ್ಣನ್ನು ಬಲವಂತವಾಗಿ ಧಾರೆಯೆರೆದು ಕೊಡುವುದಕ್ಕೂ ಅನ್ವಯಿಸುತ್ತದೆ.

ಹೋಟೆಲಿನ ಧಣಿಗಳಿಗೂ ಜೊತೆಗಾರರಿಗೂ

2017ರಲ್ಲಿ ಕೊಚ್ಚಿಯ ಮೆಟ್ರೋ ರೈಲು ಕಂಪನಿಯು 23 ಮಂದಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಕೆಲಸ ಕೊಟ್ಟು ದೇಶದ ಮೆಚ್ಚುಗೆ ಪಡೆಯಿತು. ತಿಂಗಳೊಳಗೆ ಅವರಲ್ಲಿ 8 ಮಂದಿ ಕೆಲಸ ಬಿಟ್ಟರು. ಕೆಲಸ ಬಾರದೆಯಲ್ಲ; ಇರಲು ಯಾರೂ ಮನೆ ಬಾಡಿಗೆಗೆ ಕೊಡಲಿಲ್ಲವಾದುದರಿಂದ. ಕೆಲಸದೊಡನೆ ಊಟವನ್ನೂ ವಸತಿಯನ್ನೂ ಕೊಡುವುದು ನಮ್ಮ ಉಡುಪಿ ಹೋಟೆಲುಗಳ ಹಳೆಯ ಪದ್ಧತಿ. ಎಂದ ಮೇಲೆ ದೊಡ್ಡ ಕಂಪನಿಗಳಿಗೆ ಆಗದ್ದು ನಮ್ಮಿಂದ ಆಗಬಹುದು. ಇದಕ್ಕೆ ಬೇಕಾಗುವ ಖರ್ಚು ಅಲ್ಪ. ಗಿರಾಕಿಯಾಗಲಿ ಕೆಲಸಗಾರನಾಗಲಿ ಒಬ್ಬನ ನಡಿಗೆಯನ್ನೋ ಧ್ವನಿಯನ್ನೋ ಅಣಕಿಸಿದರೆ ಗಲ್ಲಾದಲ್ಲಿ ಕುಳಿತವರು ಅದನ್ನು ಅಲ್ಲಿಯೇ ತಡೆಯಬೇಕು. ಖೋಲಿಯಲ್ಲಿ ಎಳೆಯ ಹುಡುಗರ ಮೇಲೆ ಬಲಾತ್ಕಾರ ನಡೆಯದಂತೆ ಹಿರಿಯರು ಎಚ್ಚರವಹಿಸಬೇಕು. ಬಲಾತ್ಕಾರವು ಯಾರಿಂದ ಯಾರ ಮೇಲೆ ನಡೆದರೂ ಅಪರಾಧವೇ, ಅದಕ್ಕೂ ಸ್ವಭಾವಕ್ಕೂ ಸಂಬಂಧವಿಲ್ಲ. ಒಬ್ಬನ ಗುಟ್ಟು ಗೊತ್ತಾಯಿತೆಂದು ಅವನನ್ನು ಕೆಲಸದಿಂದ ತೆಗೆಯುವುದು, ಊರಿಗೆ ಫೋನ್ ಮಾಡಿ ಹೇಳಿಬಿಡುವುದು, ಗುಟ್ಟನ್ನು ಮುಂದೊಡ್ಡಿ ಹಣ ಕೀಳುವುದು, ಇವು ಮೂರೂ ಹೀನಕೃತ್ಯಗಳು.

ಜೊತೆಗಾರರು ಮಾಡಬೇಕಾದುದು ಇನ್ನೂ ಸುಲಭ. ಗೆಳೆಯನೊಬ್ಬನು ನಂಬಿ ಹೇಳಿಕೊಂಡರೆ ನಗಬಾರದು, ಪ್ರವಚನ ಮಾಡಬಾರದು, ಇನ್ನೊಬ್ಬರ ಕಿವಿಗೆ ಹಾಕಬಾರದು. ‘ನೀನು ಹೇಳಿದ್ದು ಒಳ್ಳೆಯದಾಯಿತು, ನಾನಿದ್ದೇನೆ’ ಎಂದರೆ ಸಾಕು. ಅವನು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ತನ್ನ ವಸ್ತುಗಳನ್ನು ಇತರರಿಗೆ ಹಂಚತೊಡಗಿದರೆ, ಬದುಕಿ ಫಲವಿಲ್ಲವೆಂದು ಮಾತಾಡಿದರೆ, ಅವನನ್ನು ಒಂಟಿಯಾಗಿ ಬಿಡಬಾರದು. ಕೆ.ಇ.ಎಂ., ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ; ಕೇಸ್ ಪೇಪರ್ ಮಾಡಿಸಿದರೆ ಬಡವನಿಗೂ ತಜ್ಞರ ದರ್ಶನ ದೊರೆಯುತ್ತದೆ.

ನಮ್ಮ ಭಾಷೆಯ ಪ್ರಶ್ನೆ

ಕೊನೆಯದಾಗಿ ಒಂದು ಕೊರತೆಯನ್ನು ಹೇಳಲೇಬೇಕು. ಮುಂಬಯಿಯ ತಜ್ಞರಲ್ಲಿ ಬಹುಮಂದಿ ಆಂಗ್ಲ, ಹಿಂದಿ, ಮರಾಠಿಗಳಲ್ಲಿ ಮಾತಾಡುವವರು. ಗಿರಾಕಿಯೊಡನೆ ಹಿಂದಿಯಲ್ಲಿ ಚಟಪಟನೆ ಮಾತಾಡುವ ನಮ್ಮ ಹುಡುಗನಿಗೂ ಅಳು ಬರುವುದು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಮುಖ್ಯ ಕೇಂದ್ರ. ಅದರ ಸಂಖ್ಯೆ 14416. ಖರ್ಚಿಲ್ಲ, ಹೆಸರು ಹೇಳಬೇಕೆಂಬ ನಿರ್ಬಂಧವಿಲ್ಲ. ಹೋಟೆಲುಗಳಲ್ಲಿ ಕೆಲಸಗಾರರ ಖೋಲಿಯ ಬಾಗಿಲಿನ ಹಿಂದೆ ಈ ಸಂಖ್ಯೆಯನ್ನು ಬರೆದು ಅಂಟಿಸುವುದು ಯಾವ ಧಣಿಗೂ ಭಾರವಾಗದು.

ಆದರೆ ಇಷ್ಟಕ್ಕೇ ತೃಪ್ತರಾಗಬಾರದು. ಮುಂಬಯಿ ಕನ್ನಡಿಗರು ಒಂದು ಕಾಲದಲ್ಲಿ ಹೋಟೆಲಿನ ಮಾಣಿಗಳಿಗಾಗಿ ರಾತ್ರಿಶಾಲೆಗಳನ್ನು ತೆರೆದರು. ತಟ್ಟೆ ತೊಳೆದ ಕೈಗಳು ಪುಸ್ತಕ ಹಿಡಿದು ಗುಮಾಸ್ತರಾದವು, ವಕೀಲರಾದವು. ಅದೇ ಔದಾರ್ಯದಿಂದ ನಮ್ಮ ಸಂಘಗಳು ಇಂದು ನಮ್ಮದೇ ಹುಡುಗ ಹುಡುಗಿಯರಲ್ಲಿ ನಾಲ್ಕಾರು ಮಂದಿಯನ್ನು ಆರಿಸಿ ಆಪ್ತಸಲಹೆಯ ಶಿಕ್ಷಣ ಕೊಡಿಸಬಾರದೇಕೆ? ವಾರಕ್ಕೆ ಒಂದು ಸಂಜೆ, ಸಂಘದ ಕಚೇರಿಯ ಒಂದು ಕೋಣೆ, ಎರಡು ಕುರ್ಚಿ, ಬಾಗಿಲಿಗೆ ಒಂದು ಪರದೆ, ಇಷ್ಟು ಸಾಕು. ವಿಕ್ರೋಳಿಯಿಂದ ಕೊಲಾಬಾದವರೆಗೆ ಚೆದರಿರುವ ನಮ್ಮ ಸಂಘ ಸಂಸ್ಥೆಗಳ ಪದಾಧಿಕಾರಿಗಳು ತಮ್ಮ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ. ಇದಕ್ಕೆ ಮುಂದೆ ಬರುವವರ ಹೆಸರನ್ನೂ ಸ್ಥಳವನ್ನೂ ಈ ಪತ್ರಿಕೆಯಲ್ಲಿ ಉಚಿತವಾಗಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ.